ಡಬ್ಬಿ ಹಾಲಿಂದ ಕರುಳು ಕೆಡುತ್ತಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎರಡು ತಿಂಗ್ಳು, ಸಿಸೇರಿಯನ್. ತೂಕ ಸರಿಯಾಗಿ ಏರ್ತಿಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೆ ಎದೆಹಾಲಿನ ಜೊತೆ ದಿನಕ್ಕೆ ಮೂರು ಸಲ ಫಾರ್ಮುಲಾ ಕೊಡ್ತಿದೀನಿ. ಮೊದ್ಲು ಐದಾರು ಸಲ ಹಳದಿಯಾಗಿ ತೆಳ್ಳಗೆ ಹೋಗ್ತಿದ್ಳು, ಈಗ ಒಂದೇ ಸಲ, ಮಂದವಾಗಿ, ವಾಸ್ನೆ ಬೇರೆ. ಕರುಳೇ ಕೆಟ್ಟೋಯ್ತು ಅಂತ ಅತ್ತೆ ದಿನಾ ಅಂತಾರೆ. ನಿಜಾನಾ?
— ಓದುಗರು, ಹಾಸನ

ಉತ್ತರ: ಕೆಟ್ಟಿಲ್ಲಮ್ಮ, ಬದಲಾಗಿದೆ ಅಷ್ಟೆ. ಎದೆಹಾಲಲ್ಲಿ ಲ್ಯಾಕ್ಟೋಸು, ಕೊಬ್ಬು ಬಿಟ್ರೆ ಜಾಸ್ತಿ ಇರೋದು ಒಲಿಗೋಸ್ಯಾಕರೈಡ್ ಅನ್ನೋ ಸಕ್ಕರೆಗಳು, ಲೀಟರಿಗೆ ಸುಮಾರು 5ರಿಂದ 15 ಗ್ರಾಂ, ತಮಾಷೆ ಏನಂದ್ರೆ ಅದು ಮಗುಗೆ ಜೀರ್ಣಾನೇ ಆಗಲ್ಲ! ಮತ್ಯಾರಿಗೆ ಆ ಊಟ ಅಂದ್ರೆ ಕರುಳಲ್ಲಿರೋ ಬಿಫಿಡೋಬ್ಯಾಕ್ಟೀರಿಯಾ ಅನ್ನೋ ಒಳ್ಳೇ ಬ್ಯಾಕ್ಟೀರಿಯಾಗಳಿಗೆ, ಅವು ಅದನ್ನ ತಿಂದು ಆಮ್ಲ ಮಾಡ್ತವೆ, ಕರುಳು ಒಂಚೂರು ಹುಳಿಯಾಗುತ್ತೆ, ಆ ಹುಳೀಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಜೊತೆಗೆ ಎದೆಹಾಲಲ್ಲಿ ಬರೋ ಐಜಿಎ ಅನ್ನೋ ರೋಗನಿರೋಧಕ ಕರುಳಿನ ಒಳಗೋಡೆ ಕಾಯುತ್ತೆ, ಅದು ಯಾವ ಡಬ್ಬೀಲೂ ಸಿಗಲ್ಲ. ಕೆಲವು ಕಂಪನಿಯವ್ರು ಈಗ ಒಂದೆರಡು ಒಲಿಗೋಸ್ಯಾಕರೈಡ್ ಸೇರಿಸ್ತಾರೆ ನಿಜ, ಆದ್ರೆ ಅಮ್ಮನ ಹಾಲಲ್ಲಿ ಅದರ ನೂರಕ್ಕೂ ಹೆಚ್ಚು ಬಗೆ ಇದಾವೆ.

ಫಾರ್ಮುಲಾ ಕುಡಿಯೋ ಮಕ್ಕಳ ಕರುಳಲ್ಲಿ ಬೇರೆ ಬೇರೆ ಜಾತಿ ಬ್ಯಾಕ್ಟೀರಿಯಾ ಬೇಗ ಸೇರ್ಕೊಳ್ತವೆ, ಕಕ್ಕ ಮಂದ ಆಗೋದು, ವಾಸ್ನೆ ಬರೋದು ಮಾಮೂಲು. ಅದು ಕಾಯಿಲೆ ಅಲ್ಲ, ಅತ್ತೆಗೂ ಹೇಳಿ. ಸಿಸೇರಿಯನ್ ಮಕ್ಕಳಿಗೆ ಅಮ್ಮನಿಂದ ಬರ್ಬೇಕಾದ ಕೆಲವು ಬ್ಯಾಕ್ಟೀರಿಯಾ ತಡವಾಗಿ ಬರ್ತವೆ, ಅದಕ್ಕೇ ಸ್ವಲ್ಪಾನಾದ್ರೂ ಸರಿ, ಎದೆಹಾಲು ನಿಲ್ಲಿಸ್ಬೇಡಿ. ಪ್ರತೀ ಸಲ ಮೊದ್ಲು ಎದೆಗೆ ಹಾಕಿ, ಆಮೇಲೆ ಫಾರ್ಮುಲಾ, ಹೀರಿದಷ್ಟೂ ಹಾಲು ಬರುತ್ತೆ.

ನನಗೆ ನಿಜವಾಗ್ಲೂ ಭಯ ಇರೋದು ಕಲಸೋ ರೀತೀಲಿ. ಪುಡಿ ಪೂರ್ತಿ ಕ್ರಿಮಿರಹಿತ ಅಲ್ಲ, ಅದಕ್ಕೇ ನೀರು ಕುದಿಸಿ ಅರ್ಧ ಗಂಟೆ ಒಳಗೆ, ಇನ್ನೂ 70 ಡಿಗ್ರಿಗಿಂತ ಬಿಸಿ ಇರೋವಾಗ್ಲೇ ಕಲಸಿ, ಬೆಚ್ಚಗಾಗೋವರೆಗೂ ಆರಿಸಿ ಕೊಡಿ, ಉಳಿದಿದ್ದು ಚೆಲ್ಲಿ. ಡಬ್ಬಿ ದುಬಾರಿ ಅಂತ ನೀರು ಜಾಸ್ತಿ ಮಾಡೋದು, ತೂಕ ಬರ್ಲಿ ಅಂತ ಒಂದ್ ಸ್ಪೂನ್ ಹೆಚ್ಚು ಹಾಕೋದು ಎರಡೂ ಬೇಡ. ಬಾಟಲಿಗಿಂತ ಒಳಲೆ ತೊಳೆಯೋದು ಸುಲಭ, ಅತ್ತೆ ಹತ್ರ ಹಳೇದು ಇದ್ರೂ ಇರುತ್ತೆ ಕೇಳಿ. ಜೇನು ಮಾತ್ರ ಒಂದು ವರ್ಷದವರೆಗೂ ನೆಕ್ಕಿಸ್ಬೇಡಿ.

ಕಕ್ಕದಲ್ಲಿ ರಕ್ತ, ಬಿಳಿ ಬಣ್ಣ, ಹಸಿರು ವಾಂತಿ, ಹೊಟ್ಟೆ ಉಬ್ಬರ ಕಂಡ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ.