ಪ್ರತಿಕ್ರಿಯೆ: ವಿಲ್‌ನಲ್ಲಿ ಮಕ್ಕಳ ಆಸ್ಪತ್ರೆಗೆ ದಾನ, ವಕೀಲರು ಕರಡು ವಾಪಸ್ ಕೊಟ್ಟಿದ್ದು ಯಾಕೆ?

‘ನನ್ನ ಇಂಥ ನಂಬರಿನ ಎಫ್‌ಡಿ ಬಡಮಕ್ಕಳ ಹೃದಯ ಆಸ್ಪತ್ರೆಗೆ’ ಅಂತ ವಿಲ್ ಕರಡಿನಲ್ಲಿ ಬರೆದಿದ್ದೀರಲ್ಲ, ವಕೀಲರು ಅದನ್ನು ವಾಪಸ್ ಕೊಡುವಂತೆ ಮಾಡಿದ ತೊಡಕು ಬಹುಶಃ ಆ ಸಾಲಿನಲ್ಲೇ ಇದೆ. ಯಾವ ಆಸ್ಪತ್ರೆ ಅಂತ ಗೊತ್ತಾಗುವುದಿಲ್ಲ. ಅಸ್ಪಷ್ಟ ಬರಹ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಬಿದ್ದುಹೋಗಬಹುದು.

ಮೊದಲು ಆಸ್ಪತ್ರೆಯ ಕಚೇರಿಗೆ ಹೋಗಿ. ಬೋರ್ಡಿನ ಮೇಲಿನ ಹೆಸರು ಸಾಲದು. ಅದನ್ನು ನಡೆಸುವ ಟ್ರಸ್ಟ್ ಅಥವಾ ಸೊಸೈಟಿಯ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ ಬರೆಸಿಕೊಳ್ಳಿ. ಆಮೇಲೆ ಎಫ್‌ಡಿ ನಂಬರ್ ತೆಗೆದುಬಿಡಿ. ನಾಳೆ ಅದನ್ನು ಮುರಿಸಿ ಬೇರೆ ಕಡೆ ಇಟ್ಟರೆ ದಾನವೂ ಅದರ ಜೊತೆಗೇ ರದ್ದಾಗಿಹೋಗುತ್ತದೆ (ಬಡ್ಡಿ ಹೆಚ್ಚು ಸಿಕ್ಕ ಕಡೆ ದುಡ್ಡು ತಿರುಗಿಸದವರು ಯಾರಿದ್ದಾರೆ!). ‘ನನ್ನ ಸಾವಿನ ವೇಳೆಗೆ ಬ್ಯಾಂಕಿನಲ್ಲಿರುವ ಹಣದಲ್ಲಿ ಇಷ್ಟು ಪಾಲು’ ಅಂತ ಬರೆಯಿರಿ. ಆ ಸಂಸ್ಥೆ ಮುಚ್ಚಿದ್ದರೆ ಹಣ ಯಾರಿಗೆ ಅನ್ನುವುದೂ ಇರಲಿ.

ನಿಮ್ಮ ಸಹಿಗೆ ಇಬ್ಬರು ಸಾಕ್ಷಿ ಬೇಕೇಬೇಕು. ಪಾಲು ಪಡೆಯುವವರು, ಆ ಆಸ್ಪತ್ರೆಯವರು ಬೇಡ. ನೋಂದಣಿ ಕಡ್ಡಾಯವಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ ಅಂತಲೇ ನಾನು ಹೇಳುವುದು.

ಮಗ ನಾಮಿನಿ ಅಂದಿರಿ. ಬ್ಯಾಂಕು ದುಡ್ಡನ್ನು ಅವನ ಕೈಗೇ ಕೊಡುತ್ತದೆ, ಆದರೆ ಹಂಚಿಕೆ ವಿಲ್ ಪ್ರಕಾರ ಆಗಬೇಕು. ಅವನಿಗೆ ಈಗಲೇ ತಿಳಿಸಿ, ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಹೆಸರನ್ನೂ ಸೇರಿಸಿ.

ಆಸ್ಪತ್ರೆಗೆ ನಿಮ್ಮ ಮನೆಯಲ್ಲೂ ಪಾಲು ಕೊಡುವ ಯೋಚನೆ ಇದ್ದರೆ, ಆ ಮನೆ ಪಿತ್ರಾರ್ಜಿತವೋ ಸ್ವಂತದ್ದೋ ನೀವು ಬರೆದಿಲ್ಲ. ಪಿತ್ರಾರ್ಜಿತವಾದರೆ ನಿಮ್ಮ ಪಾಲಿನಷ್ಟು ಮಾತ್ರ ಬರೆಯಬಹುದು. ಪತ್ರಗಳನ್ನು ವಕೀಲರಿಗೆ ತೋರಿಸಿ.