ವಯಸ್ಸಿಗೆ ಬರುವ ಹೊತ್ತಾಯಿತು ಅಂತ ದೇಹಕ್ಕೆ ಹೇಳೋದು ಯಾರು?

ಅಂಡಾಶಯ, ವೃಷಣಗಳೇ ತಾವಾಗಿ ಶುರು ಮಾಡುತ್ತವೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಮೊದಲ ಅಪ್ಪಣೆ ಮೆದುಳಿನದು. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗದಲ್ಲಿ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಡುವ ನರಕೋಶಗಳಿವೆ. ಒಂದೆರಡು ಸಾವಿರ ಇರಬಹುದು, ಅಷ್ಟೇ! ಇವು ಹುಟ್ಟುವುದು ಮೆದುಳಿನಲ್ಲೂ ಅಲ್ಲ, ಭ್ರೂಣದ ಮೂಗಿನ ಭಾಗದಲ್ಲಿ. ಅಲ್ಲಿಂದ ಸರಿದು ಸರಿದು ಮೆದುಳಿಗೆ ಬರುತ್ತವೆ. ಈ ಪಯಣ ಅರ್ಧಕ್ಕೆ ನಿಂತರೆ ಕಾಲ್ಮನ್ ಸಿಂಡ್ರೋಮ್ ಬರುತ್ತದೆ. ಆಗ ವಾಸನೆಯೂ ಸರಿಯಾಗಿ ಗೊತ್ತಾಗುವುದಿಲ್ಲ, ಪ್ರೌಢಾವಸ್ಥೆಯೂ ತಾನಾಗಿ ಶುರುವಾಗುವುದಿಲ್ಲ. ವಿಚಿತ್ರ ಅಲ್ವಾ?

ಹುಟ್ಟಿದ ಕೆಲವು ತಿಂಗಳು ಚುರುಕಾಗಿದ್ದು ಆಮೇಲೆ ವರ್ಷಗಟ್ಟಲೆ ಸುಮ್ಮನಿರುವ ಈ ಕೋಶಗಳನ್ನು ಮತ್ತೆ ಎಬ್ಬಿಸುವುದು ಕಿಸ್‌ಪೆಪ್ಟಿನ್ ಎಂಬ ರಾಸಾಯನಿಕ ಬಿಡುವ ಪಕ್ಕದ ನರಕೋಶಗಳು. ಕಿಸ್‌ಪೆಪ್ಟಿನ್‌ನ ಈ ಪಾತ್ರ ಗೊತ್ತಾಗಿದ್ದೇ 2003ರಲ್ಲಿ. ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಎಂದು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಕೂಡ ಬೇಕು. ಅದಕ್ಕೇ ತೀರಾ ಸೊರಗಿದವರಲ್ಲಿ ಮುಟ್ಟು ನಿಲ್ಲುವುದುಂಟು.

ಮುಂದಿನದು ಸರಪಳಿ: ಜಿಎನ್‌ಆರ್‌ಎಚ್ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ತಟ್ಟುತ್ತದೆ, ಅದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ, ಅವುಗಳಿಂದ ಅಂಡಾಶಯ, ವೃಷಣಗಳಲ್ಲಿ ಈಸ್ಟ್ರೋಜನ್, ಟೆಸ್ಟೋಸ್ಟೆರಾನ್ ಎಂಬ ಲೈಂಗಿಕ ಹಾರ್ಮೋನ್‌ಗಳು. ಆದರೆ ತಟ್ಟುವುದು ಬಿಟ್ಟು ಬಿಟ್ಟು ಆಗಬೇಕು, ಸುಮಾರು ಗಂಟೆ, ಒಂದೂವರೆ ಗಂಟೆಗೊಮ್ಮೆ. ಒಂದೇ ಸಮನೆ ತಟ್ಟುತ್ತಿದ್ದರೆ ಪಿಟ್ಯುಟರಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ತೀರಾ ಬೇಗ ಪ್ರೌಢರಾಗುವ ಮಕ್ಕಳಿಗೆ ವೈದ್ಯರು ಕೊಡುವ ಇಂಜೆಕ್ಷನ್ ಕೆಲಸ ಮಾಡುವುದೂ ಇದೇ ಉಪಾಯದಿಂದ.