ಅಕ್ಷರ ಕಲಿಸುವ ಗೇಮ್ ಮಗಳ ಹೆಸರು, ಶಾಲೆ, ಫೋಟೊ, ಲೊಕೇಶನ್ ಎಲ್ಲ ಕೇಳುತ್ತಿದೆ. ಕೊಡಬಹುದಾ?

ಕೊಡಬೇಡಿ. ಅ, ಆ ತಿದ್ದಿಸೋಕೆ ಮಗು ಬದಿಯಡ್ಕದಲ್ಲಿದೆಯೋ ಕುಂಬಳೆಯಲ್ಲಿದೆಯೋ ಅಂತ ಗೇಮ್‌ಗೆ ಗೊತ್ತಾಗಬೇಕಿಲ್ಲ. ಕಾಸರಗೋಡಿನ ಎಷ್ಟೋ ಕನ್ನಡ ಶಾಲೆಗಳಲ್ಲಿ ಒಂದು ಕ್ಲಾಸಿಗೆ ಬೆರಳೆಣಿಕೆಯ ಮಕ್ಕಳು. ಶಾಲೆ, ಕ್ಲಾಸು, ಫೋಟೊ ಒಟ್ಟಿಗೆ ಸಿಕ್ಕರೆ ಮಗು ಯಾರ ಮನೆಯದು ಅಂತ ಯಾರು ಬೇಕಾದರೂ ಪತ್ತೆ ಹಚ್ಚಬಹುದು. ನನಗೆ ಭಯ ಇರೋದು ಇದರದ್ದೇ.

ಆಟಕ್ಕೆ ನಿಜವಾಗಿ ಬೇಕಾದದ್ದು ಮಗು ಯಾವ ಹಂತದಲ್ಲಿದೆ, 'ಲ' 'ಳ'ದಲ್ಲಿ ಎಷ್ಟು ಸಲ ತಪ್ಪಿತು ಅನ್ನೋದಷ್ಟೆ. ಅದನ್ನು ಫೋನಿನಲ್ಲೇ ಇಡಬಹುದು, ಸರ್ವರ್‌ಗೆ ಕಳಿಸಲೇಬೇಕು ಅಂತೇನಿಲ್ಲ. ಉಚ್ಚಾರಣೆ ಕಲಿಸುವ ಗೇಮ್ ಆದರೆ ಮೈಕ್ ಬೇಕು, ಸರಿ. ಆಗಲೂ 'ಆ್ಯಪ್ ಬಳಸುವಾಗ ಮಾತ್ರ' ಅನ್ನೋದನ್ನೇ ಒತ್ತಿ. ಹೆಸರಿನ ಜಾಗದಲ್ಲಿ 'ನವಿಲು' ಅಂತ ಹಾಕಿದರೂ ಆಟ ನಡೆಯುತ್ತದೆ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಡೇಟಾ ಮುಟ್ಟಲು ಅಪ್ಪ ಅಮ್ಮನ ಖಚಿತ ಒಪ್ಪಿಗೆ ಬೇಕು. ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಜಾರಿ ಹಂತ ಹಂತವಾಗಿ. ಹಾಗಾಗಿ ಸದ್ಯಕ್ಕೆ ಕಾಯ್ದೆಯನ್ನೇ ನಂಬಿ ಕೂರಬೇಡಿ.

ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕೇರಳದಲ್ಲಿದ್ದೀರಿ ಅಂತ ಮಲಯಾಳ ಅಥವಾ ಇಂಗ್ಲಿಷೇ ಗತಿ ಅಂತಿಲ್ಲ, ಕನ್ನಡದಲ್ಲೇ ಕೇಳಬಹುದು.

ಇವತ್ತೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಗೇಮ್‌ನ ಅನುಮತಿಗಳಲ್ಲಿ ಲೊಕೇಶನ್, ಕಾಂಟ್ಯಾಕ್ಟ್ಸ್, ಕ್ಯಾಮೆರಾ ಮೂರನ್ನೂ ಆಫ್ ಮಾಡಿ. ಆಫ್ ಮಾಡಿದ ಮೇಲೆ ಆಟವೇ ತೆರೆಯದಿದ್ದರೆ ಅದನ್ನು ತೆಗೆದುಹಾಕಿ, ಬೇರೆ ಹುಡುಕಿ. ತೆಗೆಯುವ ಮೊದಲು ಅಕೌಂಟ್ ಡಿಲೀಟ್ ಮಾಡಿ. ಆ್ಯಪ್ ತೆಗೆದ ಮಾತ್ರಕ್ಕೆ ಸರ್ವರ್‌ನಲ್ಲಿರುವ ಡೇಟಾ ಅಳಿಯುವುದಿಲ್ಲ.